ಕೋಣೆಗೊಂದು ಹೆಸರು

ಫೆಬ್ರವರಿ ೩

ಪ್ರೀತಿಯ ತಮ್ಮನಿಗೆ, ಅಲ್ಲಲ್ಲ, ಪದಕೋಶದ ಕಾರ್ಯಾಲಯದಲ್ಲಿ ಧೂಳು ಕುಡಿಯುತ್ತ ಕೂತ ಮಹಾಪಂಡಿತನಿಗೆ,

ನಾನು ಕ್ಷೇಮ. ನೀನು ಕ್ಷೇಮವೋ ಅಲ್ಲವೋ ಎಂದು ವಿಚಾರಿಸುವಷ್ಟು ಸಮಾಧಾನ ಈ ಗಳಿಗೆಯಲ್ಲಿ ನನಗಿಲ್ಲ!

ಇಟಾಲಿಯನ್ನಿನಿಂದ ನೀನು ಅನುವಾದಿಸಿದ ನಾಟಕದ ಕಟ್ಟು ಬಂದು ಸೇರಿತು. ಕೂತು ಓದಿದೆ, ಎದ್ದು ಓದಿದೆ. ಮೂರನೆಯ ಅಂಕವನ್ನು ಅಡುಗೆಮನೆಯಲ್ಲಿ ಎಷ್ಟು ಜೋರಾಗಿ ಓದಿದೆನೆಂದರೆ, ಕೆಳಗಿನ ದರ್ಜಿ ಕತ್ತರಿ ಹಿಡಿದುಕೊಂಡೇ ಮಹಡಿ ಹತ್ತಿ ಬಂದ, ಯಾರೋ ನನ್ನನ್ನು ಕೊಲ್ಲುತ್ತಿದ್ದಾರೆಂದು. ಒಂದೇ ಕೋಣೆ. ಇಬ್ಬರು ಗೆಳೆಯರು. ನಡುವೆ ಸೀಮೆಸುಣ್ಣದ ಒಂದು ಗೆರೆ. ಮೂರು ಅಂಕ ಕಾದಾಡಿ, ಕೊನೆಗೆ ಒಬ್ಬ ತನ್ನ ಪೆಟ್ಟಿಗೆ ಹೊತ್ತು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋಗುತ್ತಾನೆ. ಇನ್ನೊಬ್ಬ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಲ್ಲುತ್ತಾನೆ. ತೆರೆ! ಆಹಾ, ಇಂಥದ್ದೊಂದು ಕೈಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ! ನಮ್ಮ ತಂಡ ಹಿಂದಿನ ಎರಡು ನಾಟಕಗಳಲ್ಲಿ ಮಣ್ಣು ಮುಕ್ಕಿದ್ದು ನಿನಗೆ ಗೊತ್ತು. ಸಭಾಂಗಣದವರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ಇದೂ ಮಲಗಿದರೆ ಮುಂದಿನ ವರ್ಷ ನಮಗೆ ಆ ರಂಗವಿಲ್ಲ.

ಎಲ್ಲ ಸರಿ. ಆದರೆ ಮೊದಲ ಹಾಳೆಯಲ್ಲಿ, ನಾಟಕದ ಹೆಸರಿರಬೇಕಾದ ಜಾಗದಲ್ಲಿ, ಏನು ಬರೆದಿದ್ದೀಯ ನೀನು? 'ಯೋಚಿಸಿ ತಿಳಿಸುತ್ತೇನೆ.' ಪೋಸ್ಟರ್ ಬರೆಯುವ ಪೇಂಟರ್ ಕುಂಚ ಅದ್ದಿಕೊಂಡು ನಿಂತಿದ್ದಾನೆ. "ಅಮ್ಮಾವ್ರೇ, 'ಯೋಚಿಸಿ ತಿಳಿಸುತ್ತೇನೆ, ಬನ್ನಿ ನೋಡಿ ಆನಂದಿಸಿ' ಅಂತಾನೇ ಬರೆದುಬಿಡ್ಲಾ?" ಎಂದು ಹಲ್ಲು ಕಿರಿಯುತ್ತಾನೆ. ನಾನು ನಗಲಿಲ್ಲ. ತಂಡದವರೆಲ್ಲ ನಕ್ಕರು.

ಮೊದಲ ಪ್ರದರ್ಶನ ಮಾರ್ಚ್ ತಿಂಗಳ ಕೊನೆಯ ಶನಿವಾರ. ಮೂಲದಲ್ಲಿ ಒಂದೇ ಪದದ ಹೆಸರಿದೆಯಂತಲ್ಲ? ಅದಕ್ಕೆ ನಮ್ಮ ಭಾಷೆಯ ಒಂದು ಪದ ಕೊಡು. ಒಂದು! ಒಂದೇ!

ಫೋನ್ ಮಾಡಿ ಕೇಳೋಣವೆಂದರೆ, ನನ್ನ ದನಿಗೆ ಪಕ್ಕದವರೂ ಕೆಲಸ ನಿಲ್ಲಿಸುತ್ತಾರೆ, ಬೇಡ ಅಂತೀಯ. ಈಚೆಗೆ ಕಾರ್ಯಾಲಯದ ವಿಳಾಸಕ್ಕೆ ಕಾಗದವನ್ನೂ ಹಾಕಬೇಡ, ಬಿಡಾರಕ್ಕೇ ಬರೆ ಅಂದಿದ್ದೀಯ. ಯಾಕೋ? ಅಲ್ಲಿಯ ಜವಾನ ನನ್ನ ಅಕ್ಷರಕ್ಕೂ ಬೆಚ್ಚಿಬಿದ್ದನೇ?

ನಿನ್ನ ಅಕ್ಕ


ಫೆಬ್ರವರಿ ೯

ಪ್ರಿಯ ಅಕ್ಕ,

ನಿನ್ನ ಕಾಗದವನ್ನು ಮೌನವಾಗಿಯೇ ಓದಿದೆ. ಆದರೂ ಕಿವಿ ಗುಯ್ ಎಂದಿತು.

ಒಂದು ಪದ ಕೊಡು ಎನ್ನುವುದು ಸುಲಭ. ಮೂಲದ ಹೆಸರು 'ಕಾಮೆರಾ'. ಇಟಲಿಯಲ್ಲಿ ಅದು ಬರೀ ಕೋಣೆ. ಹೋಟೆಲಿಗೆ ಹೋಗಿ ಆ ಪದ ಹೇಳಿದರೆ ಬೀಗದಕೈ ಕೊಡುತ್ತಾರೆ. ಹಾಗಾದರೆ 'ಕೋಣೆ' ಎಂದು ಬರೆದು ಕೈ ತೊಳೆದುಕೊಳ್ಳಬಾರದೇ ಎನ್ನುತ್ತೀಯ. ತಡಿ.

ಇದು ಹುಟ್ಟಿದ್ದು ಗ್ರೀಕರ ಬಾಯಲ್ಲಿ. 'ಕಮಾರಾ' ಎಂದರೆ ಅವರಿಗೆ ಕಮಾನಿನ ಚಾವಣಿ, ಬಾಗಿದ ಮುಚ್ಚಳ. ರೋಮಿನವರು ಅದನ್ನು ತಂದು ತಲೆಯ ಮೇಲೆ ಇಟ್ಟುಕೊಂಡರು. ಚಾವಣಿಯ ಹೆಸರು ಮೆಲ್ಲಗೆ ಗೋಡೆಗುಂಟ ಇಳಿದು ಇಡೀ ಕೋಣೆಯನ್ನೇ ಆಕ್ರಮಿಸಿತು. ಫ್ರೆಂಚರಲ್ಲಿ 'ಶಾಂಬ್ರ್' ಆಗಿ ಹಾಸಿಗೆ ಹಾಸಿಕೊಂಡು ಮಲಗಿತು. ಅಲ್ಲಿಂದ ಇಂಗ್ಲಿಷರ 'ಚೇಂಬರ್'. ಈಗ ಅದರೊಳಗೆ ವಕೀಲರೂ ವರ್ತಕರೂ ಕೂತಿದ್ದಾರೆ. ಜರ್ಮನರ 'ಕಾಮರ್' ಒಲೆಯ ಬಿಸಿ ತಾಗದ ಚಿಕ್ಕ ಕೋಣೆ. ಹಂಗೇರಿಯವರಿಗೆ 'ಕಾಮ್ರಾ' ಎಂದರೆ ಕಾಳುಕಡಿ ತುಂಬುವ ಉಗ್ರಾಣ. ಗೋಡೆಯ ಸಣ್ಣ ತೂತಿನಿಂದ ಹೊರಗಿನ ಬೀದಿ ತಲೆಕೆಳಗಾಗಿ ಒಳಗೆ ಬೀಳುವುದನ್ನು ಕಂಡವರು ಅದಕ್ಕೆ ಲ್ಯಾಟಿನ್ನಿನಲ್ಲಿ 'ಕತ್ತಲ ಕೋಣೆ' ಎಂದರು. ಬರಬರುತ್ತ ಕತ್ತಲು ಉದುರಿ ಕೋಣೆಯಷ್ಟೇ ಉಳಿಯಿತು. ಅದೇ ನಿನ್ನ ತಂಡದವರು ಹೊಟ್ಟೆ ಒಳಗೆಳೆದುಕೊಂಡು ಎದುರು ನಿಲ್ಲುವ ಕ್ಯಾಮೆರಾ.

ಇನ್ನು ರಷ್ಯದಲ್ಲಿ, ಅಕ್ಕಾ, ಅದೇ 'ಕಾಮೆರಾ' ಎಂದರೆ ಸೆರೆಮನೆಯ ಕೋಣೆ. ರೈಲು ನಿಲ್ದಾಣದಲ್ಲಿ ಹೋಗುವವರು ಗಂಟುಮೂಟೆ ಇಟ್ಟುಹೋಗುವ ಜಾಗಕ್ಕೂ ಅದೇ ಹೆಸರು. ಸಾಮಾನು ಅಲ್ಲೇ ಕಾಯುತ್ತಿರುತ್ತದೆ, ಒಡೆಯನಿಗೆ ಒಂದು ಮನೆ ಸಿಗುವವರೆಗೆ.

ಈ ನಾಟಕ ಬರೆದವನು ಗಡಿಯ ಊರಿನವನು. ನಾಲ್ಕು ದಿಕ್ಕಿನ ಮಾತೂ ಅವನ ಕಿವಿಗೆ ಬಿದ್ದಿರುತ್ತದೆ. ಹಾಸಿಗೆ, ಉಗ್ರಾಣ, ಸೆರೆ, ಇಷ್ಟನ್ನೂ 'ಕೋಣೆ' ಎಂಬ ಎರಡಕ್ಷರಕ್ಕೆ ತುರುಕಿದರೆ ಪದ ಉಸಿರುಗಟ್ಟಿ ಸಾಯುತ್ತದೆ. ಇನ್ನೊಂದಿಷ್ಟು ದಿನ ಕೊಡು.

ಮಹಡಿಯ ನನ್ನ ಕೋಣೆ ಹೇಗಿದೆ? ಮಳೆಗಾಲಕ್ಕೆ ಕಿಟಕಿ ಈಗಲೂ ಉಬ್ಬಿಕೊಳ್ಳುತ್ತದೆಯೇ?

ನಿನ್ನ ತಮ್ಮ


ಫೆಬ್ರವರಿ ೧೪

ತಮ್ಮಾ! ತಮ್ಮಾ! ಬೊಗಸೆ ನೀರು ಕೇಳಿದರೆ ಕೆರೆಯ ಏರಿಯನ್ನೇ ಒಡೆದೆಯಲ್ಲೋ!

ನಿನ್ನ ಕಾಗದವನ್ನು ತಾಲೀಮಿನಲ್ಲಿ ಗಟ್ಟಿಯಾಗಿ ಓದಿದೆ. ಅದು ನಾನು ಮಾಡಿದ ತಪ್ಪು. ನಾಟಕದಲ್ಲಿ ಬಾಗಿಲು ಹಾಕಿಕೊಂಡು ಹೋಗುವ ಪಾತ್ರದವನಿಗೆ ನಾವೆಲ್ಲ 'ಹೋಗುವವನು' ಅಂತಲೇ ಕರೆಯುತ್ತೇವೆ. ಅವನು ಪೆಟ್ಟಿಗೆಯ ಮೇಲೆ ಕುಕ್ಕರಿಸಿ, "ಅಮ್ಮಾ, ಒಂದೇ ಒಂದು ಹೇಳ್ಬಿಡಿ. ನಾನೀಗ ಹೋಟೆಲಲ್ಲಿದ್ದೀನಾ, ಜೈಲಲ್ಲಿದ್ದೀನಾ? ಜೈಲಾದ್ರೆ ಬಾಗ್ಲು ನಾನ್ಹೆಂಗೆ ತೆಗೀಲಿ?" ಅಂದ. 'ಉಳಿಯುವವನು' ಬಿಡುತ್ತಾನೆಯೇ? "ನೀನು ಉಗ್ರಾಣದಲ್ಲಿದ್ದೀಯ ಕಣೋ, ಅದಕ್ಕೇ ದಿನಾ ಊದ್ಕೋತಾ ಇದ್ದೀಯ!" ಅಂದ. ಅವತ್ತು ಮತ್ತೆ ತಾಲೀಮು ನಡೆಯಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ಆಗಿದೆ ನನ್ನ ಗತಿ.

ಅದರ ಮೇಲೆ ಬಾಗಿಲಿನ ಕಾಟ ಬೇರೆ. ನಾಟಕವೆಲ್ಲ ನೇತುಬಿದ್ದಿರುವುದು ಆ ಕೊನೆಯ ಸದ್ದಿನ ಮೇಲೆ. ಬಡಗಿ ತೆಳು ಹಲಗೆಯಲ್ಲಿ ಒಂದು ಬಾಗಿಲು ಮಾಡಿಕೊಟ್ಟ. ಹೋಗುವವನು ಮೈಯಲ್ಲಿರುವ ಸಿಟ್ಟನ್ನೆಲ್ಲ ಹಾಕಿ ಎಳೆದ. 'ಫಟ್!' ಯಾರೋ ಸೊಳ್ಳೆ ಹೊಡೆದ ಹಾಗೆ! ಗೋಡೆ ಮಾತ್ರ ಬಿಸ್ಕತ್ತಿನ ಡಬ್ಬಿಯಂತೆ ಗಡಗಡ ನಡುಗಿತು. "ತೆಳು ಹಲಗೆ ಅಷ್ಟೇ ಅಮ್ಮಾ, ಅದು ಕೂಗಲ್ಲ. ಕೂಗ್ಬೇಕು ಅಂದ್ರೆ ಮನೇ ಬಾಗಿಲೇ ಆಗ್ಬೇಕು," ಅಂತ ಬಡಗಿ ತಣ್ಣಗೆ ಬೀಡಿ ಹಚ್ಚಿಕೊಂಡ.

ನಿನ್ನ ಕೋಣೆ ಇದ್ದಲ್ಲೇ ಇದೆ. ಅದಕ್ಕೇನು ಧಾಡಿ? ಅದರ ಕಿಟಕಿಯ ಮೇಲೆ ಕವಿತೆ ಬರೆಯುವ ಮೊದಲು ನನ್ನ ಪೋಸ್ಟರಿಗೊಂದು ಪದ ಬರೆ.

ಸಿಟ್ಟಿನಿಂದಲೇ,
ಅಕ್ಕ


ಫೆಬ್ರವರಿ ೨೧

ಅಕ್ಕಾ,

ಕೋಪ ಮಾಡಿಕೋ, ಆದರೆ ಇದೊಂದನ್ನು ಕೇಳಿ ಆಮೇಲೆ ಮಾಡಿಕೋ. ಸ್ಪೇನಿನ ಸಿಪಾಯಿಗಳನ್ನು ನಾನು ಮರೆತಿದ್ದೆ.

ಒಂದೇ ಕೋಣೆಯಲ್ಲಿ ಮಲಗುವ ಸಿಪಾಯಿಗಳ ಗುಂಪಿಗೆ ಅಲ್ಲಿ 'ಕಾಮರಾದಾ' ಎನ್ನುತ್ತಿದ್ದರು. ಗುಂಪಿನ ಹೆಸರು ಬರಬರುತ್ತ ಅದರಲ್ಲಿದ್ದ ಒಬ್ಬೊಬ್ಬನಿಗೂ ಅಂಟಿತು. ಅದೇ ಫ್ರಾನ್ಸು ಸುತ್ತಿ, ಇಂಗ್ಲಿಷಿಗೆ ಹಾರಿ, 'ಕಾಮ್ರೇಡ್' ಆಗಿ ಮೆರವಣಿಗೆಗಳಲ್ಲಿ ಮುಷ್ಟಿ ಎತ್ತಿತು. ನೋಡಿದೆಯಾ, ಗೆಳೆಯ ಎಂದರೆ ಒಂದೇ ಮನಸ್ಸಿನವನಲ್ಲ, ಒಂದೇ ಕೋಣೆಯವನು. ಗೊರಕೆ ಸಹಿಸಿದವನು.

ಹಾಗೆ ನೋಡಿದರೆ ನನಗೆ ಮೊದಲ ಕಾಮ್ರೇಡು ನೀನೇ. ಮಹಡಿಯ ಕೋಣೆಯಲ್ಲಿ ನಿನ್ನ ಪಾಲಿಗೂ ನನ್ನ ಪಾಲಿಗೂ ನಡುವೆ ಅಮ್ಮ ಕಟ್ಟಿದ ಪಟ್ಟೆಪಟ್ಟೆ ಹೊದಿಕೆ ನೆನಪಿದೆಯೇ? ಅದನ್ನು ಸರಿಸಿ ನೀನು ದಿನಕ್ಕೆ ಹತ್ತು ಸಲ ಪ್ರವೇಶ ಮಾಡುತ್ತಿದ್ದೆ, ರಾಣಿಯಾಗಿ, ರಾಕ್ಷಸಿಯಾಗಿ, ಒಮ್ಮೆ ಸಮುದ್ರವಾಗಿ. ನಾನು ಲೆಕ್ಕ ಮಾಡುತ್ತಿದ್ದರೂ ಸರಿ, ಜ್ವರ ಬಂದು ಮಲಗಿದ್ದರೂ ಸರಿ. ತಟ್ಟಿ ಬಾರೇ ಎಂದರೆ, ಪರದೆಯನ್ನು ತಟ್ಟುವುದು ಹೇಗೋ ಎನ್ನುತ್ತಿದ್ದೆ. ನಿನಗೆ ಬೇರೆ ಕೋಣೆಯಾಗಿ, ಅಪ್ಪ ಇದಕ್ಕೆ ಆ ಭಾರದ ಬಾಗಿಲು ಹಾಕಿಸಿದ ದಿನ ನಾನು ಒಳಗೆ ಸೇರಿ ಅಗುಳಿ ಹಾಕಿದವನು ಸಂಜೆಯವರೆಗೂ ಹೊರಗೆ ಬರಲಿಲ್ಲ. ಆ ಬಾಗಿಲಂಥ ಬಾಗಿಲನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಸ್ವಲ್ಪ ಎತ್ತಿ ತಳ್ಳಬೇಕು. ಆಮೇಲೆ ಅದು ಕೂರುವ ಸದ್ದಿದೆಯಲ್ಲ, ಅದಾದ ಮೇಲೆ ಲೋಕವೆಲ್ಲ ಹೊರಗೆ.

ಹೆಸರು: 'ಒಂದೇ ಕೋಣೆಯವರು'. ಬೇಡ, ಹೊಡೆದುಹಾಕು. ಸಿಪಾಯಿಗಳ ಬೆವರು ನಾರುತ್ತದೆ.

ಒಂದು ಕೆಲಸ ಮಾಡಿಕೊಡು. ಆ ಕೋಣೆಯ ಉದ್ದಗಲ ಅಳೆದು ಬರೆ. ಪೆಟ್ಟಿಗೆ ಹೊತ್ತವರು ಬಾಗಿಲಲ್ಲಿ ಸಲೀಸಾಗಿ ಹಾಯಬಹುದೇ? ಗೋಡೆಯ ಹಲಗೆ ಎಷ್ಟು ಭಾರ ತಡೆಯುತ್ತದೆ? ಅಗುಳಿ ಒಳಗಿನಿಂದ ಸರಿಯಾಗಿ ಬೀಳುತ್ತದೆಯೇ? ಯಾಕೆ ಎಂದು ಆಮೇಲೆ ಹೇಳುತ್ತೇನೆ.

ತಮ್ಮ


ಫೆಬ್ರವರಿ ೨೬

ಶಹಬ್ಬಾಸ್, ನನ್ನ ರಾಜ!

ಯಾಕೆ ಎಂದು ಆಮೇಲೆ ಹೇಳುತ್ತಾನಂತೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ? ನೀನು ಎಷ್ಟೇ ಸುತ್ತಿ ಬಳಸಿ ಬರೆದರೂ ನಾನು ನಿನ್ನ ಅಕ್ಕ. ಕಾಗದ ಮಡಿಸುವ ಮುಂಚೆಯೇ ನಿನ್ನ ಹೊಟ್ಟೆಯೊಳಗಿನದು ನನಗೆ ತಿಳಿಯಿತು. ಆ ಕೋಣೆಯೇ ಆಗಬೇಕು, ಬೇರೆ ಯಾವುದೂ ನಡೆಯುವುದಿಲ್ಲ. ಸರಿ ತಾನೇ? ಇಷ್ಟು ದಿನ ನನ್ನ ಮೂಗಿನ ತುದಿಯಲ್ಲಿದ್ದದ್ದು ನನಗೆ ಕಾಣಲಿಲ್ಲವಲ್ಲ, ಅದಕ್ಕೇ ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ನಿನ್ನೆಯೇ ಬಡಗಿಯನ್ನು ಮಹಡಿ ಹತ್ತಿಸಿದೆ. ಉದ್ದ ಹನ್ನೆರಡು ಅಡಿ, ಅಗಲ ಹತ್ತು. ಪೆಟ್ಟಿಗೆ ಸಲೀಸಾಗಿ ಹಾಯುತ್ತದೆ, ಹೊತ್ತು ನೋಡಿಯೇ ಬರೆಯುತ್ತಿದ್ದೇನೆ. ಅಗುಳಿಗೆ ಎಣ್ಣೆ ಬಿಡಿಸಿದ್ದೇನೆ. ಕಿಟಕಿಯನ್ನೂ ಬಿಡಲಿಲ್ಲ. ಬಡಗಿ ಬಾಗಿಲು ತಟ್ಟಿ ನೋಡಿ, "ಇದು ಮರ ಅಲ್ಲಮ್ಮಾ, ಇದು ಗಂಟ್ಲು!" ಅಂದ. ಹೆಚ್ಚು ಹೇಳುವುದಿಲ್ಲ. ನೀನು ಬಂದಾಗ ಕಣ್ಣಾರೆ ನೋಡು. ನೋಡಿ ನಿನ್ನ ಕಣ್ಣಲ್ಲಿ ನೀರು ಬರದಿದ್ದರೆ ನಾನು ಬಣ್ಣ ಹಚ್ಚುವುದನ್ನೇ ಬಿಡುತ್ತೇನೆ.

ಹೆಸರು ಮಾತ್ರ ಇನ್ನೂ ಬಂದಿಲ್ಲ, ಸ್ವಾಮೀ. ಪೇಂಟರ್ ಪೋಸ್ಟರಿನಲ್ಲಿ ದೊಡ್ಡದೊಂದು ಬಾಗಿಲು ಬರೆದು, ಅದರ ಮೇಲೆ ಜಾಗ ಬಿಟ್ಟು ಕೂತಿದ್ದಾನೆ.

ಅಕ್ಕ


ಮಾರ್ಚ್ ೪

ಅಕ್ಕಾ,

ಏನು ಬರೆಯಲಿ? ನಾನು ಬಾಯಿಬಿಟ್ಟು ಹೇಳಲಾರದೆ ಗ್ರೀಕರ ಹಿಂದೆ, ಸಿಪಾಯಿಗಳ ಹಿಂದೆ ಅಡಗಿಕೊಂಡಿದ್ದೆ. ನೀನು ಒಂದು ಪ್ರಶ್ನೆಯನ್ನೂ ಕೇಳದೆ ಬಡಗಿಯನ್ನು ಕರೆಸಿದೆ, ಅಗುಳಿಗೆ ಎಣ್ಣೆ ಬಿಡಿಸಿದೆ. ನೀನು ಯಾವಾಗಲೂ ಗುಡುಗುತ್ತೀಯ ಎಂದು ಊರೆಲ್ಲ ದೂರುತ್ತ ಬಂದವನು ನಾನು. ಈ ಸಲ ನೀನು ಮಾಡಿದ್ದನ್ನು ಇದಕ್ಕಿಂತ ಮೆಲ್ಲಗೆ ಯಾರೂ ಮಾಡಲಾರರು.

ಇಲ್ಲಿಯ ಮನೆಯೊಡತಿಗೆ ಹೇಳಿದ್ದಾಯಿತು. ಪೆಟ್ಟಿಗೆಗಳು ಕೆಲವು ವಾರಗಳಿಂದ ರೈಲು ನಿಲ್ದಾಣದ ಸಾಮಾನಿನ ಕೋಣೆಯಲ್ಲಿವೆ. ಅವನ್ನು ಲಾರಿಗೆ ಹಾಕಿ ಮುಂಚೆ ಕಳಿಸುತ್ತೇನೆ; ನಾನು ಹಿಂದಿನಿಂದ ಬರುತ್ತೇನೆ.

ನಗಬೇಕೆನ್ನಿಸುತ್ತಿದೆ, ಅದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ: 'ಕ್ಯಾಬರೆ' ಕೂಡ ಇದೇ ಮನೆತನದ ಕೂಸು, 'ಪುಟ್ಟ ಕೋಣೆ' ಎಂಬುದರಿಂದ ಬಂದದ್ದು ಎನ್ನುವವರಿದ್ದಾರೆ. ಒಪ್ಪದವರೂ ಇದ್ದಾರೆ. ನಿಜವಾದರೆ, ಮಲಗುವ ಕೋಣೆಗೂ ಕುಣಿಯುವ ರಂಗಕ್ಕೂ ಒಂದೇ ತಾಯಿ. ನಿನಗೂ ನನಗೂ ಇದ್ದ ಹಾಗೆ.

ಹೆಸರನ್ನು ಬಂದವನೇ ಹೇಳುತ್ತೇನೆ. ಆ ಬಾಗಿಲು ಹಾಕಿಕೊಂಡು ಒಂದು ದಿನ ಕೂತರೆ ಸಾಕು, ಬರುತ್ತದೆ.

ತಮ್ಮ


ಮಾರ್ಚ್ ೧೫

ತಮ್ಮಾ,

ನಿನ್ನ ಹಿಂದಿನ ಕಾಗದವನ್ನು ನಾನು ಹೇಗೆ ಓದಿದೆ ಗೊತ್ತೇ? ನಾಟಕ ನೋಡಲು ಬರುವ ಸಂಭ್ರಮದಲ್ಲಿ ಹುಡುಗನ ತಲೆ ತಿರುಗಿದೆ ಎಂದುಕೊಂಡೆ. ಪೆಟ್ಟಿಗೆ ಎಂದರೆ ಮೂರನೆಯ ಅಂಕದಲ್ಲಿ ಹೊರುವ ಪೆಟ್ಟಿಗೆಯೆಂದುಕೊಂಡೆ! ಒಂದು ಸಾಕಿತ್ತು, ಇವನ್ಯಾಕೆ ಬಹುವಚನದಲ್ಲಿ ಬರೆದ ಎಂದು ನಗುತ್ತಿದ್ದೆ.

ನಿನ್ನೆ ಲಾರಿ ಬಂತು. ಇಳಿಸಿದರು, ಇಳಿಸಿದರು, ಇಳಿಸಿದರು! ಪುಸ್ತಕ, ಪಾತ್ರೆ, ಸುತ್ತಿದ ಹಾಸಿಗೆ, ನಿನ್ನ ಮೇಜಿನ ದೀಪ. ದರ್ಜಿಯ ಅಂಗಡಿಗೆ ಗಿರಾಕಿ ನುಗ್ಗಲು ದಾರಿಯಿಲ್ಲ. ಲಾರಿಯವನು ಚೀಟಿ ಹಿಡಿದು, "ಮಹಡಿ ಮೇಲಿನ ಕೋಣೆಗೆ ಅಂತ ಬರೆದಿದ್ದಾರೆ. ಕೋಣೆ ಎಲ್ಲಿ ತಾಯಿ?" ಅಂದ.

ಕೋಣೆ ಎಲ್ಲಿ? ಕೇಳು. ಕೋಣೆ ಸಭಾಂಗಣದಲ್ಲಿದೆ. ರಂಗದ ಮೇಲಿದೆ. ನಿನ್ನ ಬಾಗಿಲು, ಅದರ ಚೌಕಟ್ಟು, ಕಿಟಕಿ, ಗೋಡೆಯ ಹಲಗೆ, ಎಲ್ಲವನ್ನೂ ಬಡಗಿ ಬಿಚ್ಚಿ ಒಯ್ದು ಅಲ್ಲಿ ಜೋಡಿಸಿದ್ದಾನೆ. ಇಲ್ಲಿ ಮಹಡಿಯ ಗೋಡೆ ಹಲ್ಲು ಕಿತ್ತ ಬಾಯಿಯಂತೆ ತೆರೆದುಕೊಂಡಿದೆ. ಒಳಗೆ ನನ್ನ ತಂಡದ ಉಡುಪುಗಳು. ನಿನ್ನ ಮಂಚದ ಮೇಲೆ ಇಬ್ಬರು ರಾಜರ ನಿಲುವಂಗಿಗಳು ಮಲಗಿವೆ. ಅದನ್ನೂ ನಾನು ಹೇಳಿರಲಿಲ್ಲ, ಎರಡು ವರ್ಷದಿಂದ.

ನೀನು ಅಳತೆ ಕೇಳಿದೆ. ಪೆಟ್ಟಿಗೆ ಹಾಯುತ್ತದೆಯೇ ಎಂದೆ. ಆ ಬಾಗಿಲಿನಂಥ ಬಾಗಿಲಿಲ್ಲ, ಆ ಸದ್ದಿನಂಥ ಸದ್ದಿಲ್ಲ ಎಂದೆ. ನನ್ನ ನಾಟಕದ ಕೊನೆಗೆ ಬೇಕಾದದ್ದೇ ಅದು! ನಾಟಕದವಳ ಕೈಗೆ ಇಂಥ ಕಾಗದ ಕೊಟ್ಟರೆ ಅವಳು ಅದನ್ನು ರಂಗಸೂಚನೆಯೆಂದು ಓದದೆ ಇನ್ನೇನೆಂದು ಓದುತ್ತಾಳೋ?

ಬಾಯಿ ಬಿಟ್ಟು 'ಅಕ್ಕಾ, ನಾನು ಮನೆಗೆ ಬರುತ್ತೇನೆ' ಅನ್ನಬಾರದಿತ್ತೇ? ಎಷ್ಟು ಮಾತು ಅದು? ಏನಾಗಿದೆ ನಿನಗೆ? ರಜೆಯೇ? ಕಾಯಿಲೆಯೇ? ಇಡೀ ಸಂಸಾರ ಲಾರಿಯಲ್ಲಿ ಯಾಕೆ ಬಂತು? ಉತ್ತರ ಬರೆ. ಈ ಸಲ ಗ್ರೀಕರನ್ನು ಅವರ ಪಾಡಿಗೆ ಬಿಡು.

ಅಕ್ಕ


ಮಾರ್ಚ್ ೧೯

ಅಕ್ಕಾ,

ಪದಕೋಶ ಮುಚ್ಚಿತು. ಮೊನ್ನೆ ಮೊನ್ನೆಯಲ್ಲ, ಚಳಿಗಾಲ ಶುರುವಾಗುವ ಮುಂಚೆಯೇ. ಸಂಪಾದಕರು ನಮ್ಮನ್ನು ಕರೆದು, "ಇಲ್ಲಿಗೆ ಸಾಕಪ್ಪ. ಯಾರೂ ಕೇಳ್ತಿಲ್ಲ, ಯಾರೂ ಓದ್ತಿಲ್ಲ," ಎಂದರು. ಅವತ್ತು ನನ್ನ ಮೇಜಿನ ಮೇಲಿದ್ದ ಪದ ಇದೇ, 'ಕಾಮೆರಾ'. ಅದನ್ನು ಎತ್ತಿಕೊಂಡು ಬಿಡಾರಕ್ಕೆ ಬಂದೆ. ಮುಗಿಸಿದರೆ ನನ್ನ ಕೆಲಸವೇ ಮುಗಿಯಿತಲ್ಲ ಎಂದು ಬೆಳೆಸುತ್ತ ಹೋದೆ. ಪದಕೋಶದ ಕೊನೆಯ ಸಂಪುಟ ಕೈಯಲ್ಲಿ ಹಿಡಿದೇ ಮನೆಗೆ ಬರುವವನು ಎಂದು ಜಂಬ ಕೊಚ್ಚಿ ಹೊರಟಿದ್ದು ನಿನಗೂ ನೆನಪಿದೆ. ನಾವಿನ್ನೂ 'ಕ'ಕಾರ ದಾಟಿರಲಿಲ್ಲ.

ನಿನ್ನ ನಾಟಕಕ್ಕೆ ಹೆಸರು ಕೊಡದಿದ್ದದ್ದು ಅದಕ್ಕೇ.

ನನಗೆ ಬೇಕಿದ್ದದ್ದು ಬಾಗಿಲು ಹಾಕಿಕೊಂಡು ಕೂರಲು ಒಂದು ಜಾಗ. ಅಷ್ಟೇ. ಯಾರೂ 'ಮುಂದೇನು' ಎಂದು ಕೇಳದ ಒಂದು ಜಾಗ.

ನೀನು ಹುಟ್ಟಿದಾಗಿನಿಂದ ತಟ್ಟದೆ ಒಳಗೆ ಬಂದವಳು. ಈ ಸಲ ಬಾಗಿಲನ್ನೇ ಹೊತ್ತುಕೊಂಡು ಹೋದೆ.

ಗುರುವಾರದ ಗಾಡಿಗೆ ಬರುತ್ತೇನೆ. ಬೇರೆ ಹೋಗಲು ಜಾಗವಿಲ್ಲ. ನಾಟಕಕ್ಕೆ ನಿನಗೆ ತೋಚಿದ ಹೆಸರು ಇಟ್ಟುಕೋ.


ಮಾರ್ಚ್ ೨೩

ತಮ್ಮನಿಗೆ,

ಬಾಗಿಲು ಮನೆಗೆ ಬಂದಿದೆ. ಕಿಟಕಿಯೂ. ಗುರುವಾರದೊಳಗೆ ಗಾರೆ ಒಣಗುತ್ತದೆ.

ಬಡಗಿ ಸುತ್ತಿಗೆ ಕೆಳಗಿಟ್ಟು, "ಶನಿವಾರ ಆಟ ಇಟ್ಕೊಂಡು ಸೋಮವಾರ ಬಾಗಿಲು ಕೀಳ್ತಾರೇನಮ್ಮಾ ಯಾರಾದ್ರೂ?" ಎಂದ. ಕೀಳು ಎಂದೆ. "ಹೋಗುವವನು ಹೋಗೋದೆಲ್ಲಿಂದ?" ಎಂದ. ಬರುವವನೊಬ್ಬನಿದ್ದಾನೆ, ಅವನು ಮೊದಲು ಬರಲಿ ಎಂದೆ. ಸುತ್ತಿಗೆ ಎತ್ತಿಕೊಂಡ. ನಿನ್ನ ಮಂಚ ಖಾಲಿ ಮಾಡಿದ್ದೇನೆ; ರಾಜರಿಬ್ಬರೂ ಈಗ ನನ್ನ ಹಾಸಿಗೆಯ ಮೇಲೆ. ಪೆಟ್ಟಿಗೆಗಳನ್ನು ಒಡೆದಿಲ್ಲ, ಗೋಡೆಗೆ ಜೋಡಿಸಿದ್ದೇನೆ. ಯಾರೂ ಏನೂ ಕೇಳುವುದಿಲ್ಲ. ದರ್ಜಿಗೂ ಹೇಳಿದ್ದೇನೆ. ಊಟದ ತಟ್ಟೆ ಬಾಗಿಲ ಹೊರಗಿಡುತ್ತೇನೆ.

ಪೋಸ್ಟರಿಗೆ 'ಕೋಣೆ' ಎಂದು ಬರೆಸಿದೆ. ತಪ್ಪಿದ್ದರೆ ನನ್ನ ತಲೆಯ ಮೇಲಿರಲಿ.

ಆದರೆ ಒಂದು ಮಾತು ಗಂಟಲಲ್ಲೇ ಸಿಕ್ಕಿಕೊಂಡಿದೆ, ಬರೆಯದಿದ್ದರೆ ಇಳಿಯುವುದಿಲ್ಲ. ಕೆಲಸ ಹೋಯಿತು ಎಂಬ ಎರಡು ಮಾತನ್ನು ಸ್ವಂತ ಅಕ್ಕನಿಗೆ ಹೇಳಲು ನೀನು ಗ್ರೀಸಿನಿಂದ ಹೊರಟು ರಷ್ಯದವರೆಗೆ ನಡೆದೆ. ನನ್ನ ತಂಡ ಎರಡು ಸಲ ನೆಲ ಕಚ್ಚಿದಾಗ ನಾನು ಬರೆದ ಮೊದಲ ಕಾಗದ ನಿನಗೆ. ನನ್ನನ್ನು ಯಾರೆಂದುಕೊಂಡೆಯೋ? ಟಿಕೆಟು ಕೊಂಡು ಬಂದವಳೆಂದೇ?

ಅಕ್ಕ


ಮಾರ್ಚ್ ೨೯, ಬೆಳಿಗ್ಗೆ, ನಿನ್ನ ಬಾಗಿಲ ಕೆಳಗಿನ ಸಂದಿಯಿಂದ

ತಮ್ಮಾ,

ನೀನು ಗುರುವಾರ ಬಂದೆ. 'ಬಂದೆ' ಎಂದೆ. ಬಾಗಿಲು ಹಾಕಿಕೊಂಡೆ. ಆಮೇಲೆ ನಿನ್ನಿಂದ ನಾನು ಕಂಡದ್ದು ಖಾಲಿ ತಟ್ಟೆಗಳನ್ನು. ಎರಡು ಸಲ ತಟ್ಟಿದೆ. ಹೌದು, ತಟ್ಟಿದೆ, ನಾನು! ನೀನು ಓಗೊಡಲಿಲ್ಲ. ಸರಿ, ಕಾಗದವಾದರೆ ಓದುತ್ತೀಯ. ಅಭ್ಯಾಸವಿದೆಯಲ್ಲ.

ನಿನ್ನೆ ಆಟವಾಯಿತು. ಕೊನೆಯ ಗಳಿಗೆಯವರೆಗೂ ಜನ ಉಸಿರು ಬಿಗಿಹಿಡಿದು ಕೂತಿದ್ದರು, ಒಬ್ಬನೂ ಕೆಮ್ಮಲಿಲ್ಲ. ಬಾಗಿಲು ತೆಳು ಹಲಗೆಯದ್ದೇ. ಸದ್ದಿಗೆಂದು ಬಡಗಿಯನ್ನು ಒಳಗೆ, ಬಣ್ಣ ಹಚ್ಚುವ ಕೋಣೆಯ ಬಾಗಿಲ ಹತ್ತಿರ ನಿಲ್ಲಿಸಿದ್ದೆ: ಹೋಗುವವನು ಎಳೆದ ಕೂಡಲೇ ನೀನು ಅದನ್ನು ಧಡಾರನೆ ಹಾಕು ಎಂದು. ಹೋಗುವವನು ಎಳೆದ. 'ಫಟ್.' ಉಳಿಯುವವನು ತಿರುಗಿದ. ಆಮೇಲೆ, ಎಲ್ಲ ಮುಗಿದ ಮೇಲೆ, ಎಲ್ಲಿಂದಲೋ 'ಧಡಾರ್!' ಮುಂದಿನ ಸಾಲಿನಲ್ಲಿದ್ದ ಒಬ್ಬ ಮಹಾಶಯ, "ಎರಡು ಸಲ ಹೋದ್ನಾ?" ಅಂದ. ಇಡೀ ಸಭೆ ಗೊಳ್ಳೆಂದಿತು. ಉಳಿಯುವವನು ಆ ನಗುವಿನ ನಡುವೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದ, ಅದು ನಾಟಕದ ನೀರಲ್ಲ. ತೆರೆ ಎಳೆಸಿದೆ.

ಇನ್ನೊಂದು ಆಟ ಮುಂದಿನ ಶನಿವಾರ. ಸಭಾಂಗಣದವರು ಅದನ್ನು ನೋಡಿಯೇ ತೀರ್ಮಾನ ಹೇಳುತ್ತಾರಂತೆ.

ನಾನು ಬಾಗಿಲು ಕೇಳುತ್ತಿಲ್ಲ. ಸುಮ್ಮನೆ ಹೇಳಿದೆ.

ಅಕ್ಕ


ಮಾರ್ಚ್ ೨೯, ಮಧ್ಯಾಹ್ನ, ಒಳಗಿನಿಂದ

ಅಕ್ಕಾ,

ನಾನು ಬಂದಿದ್ದೆ. ಹಿಂದಿನ ಸಾಲು, ಕಂಬದ ಪಕ್ಕ. 'ಎರಡು ಸಲ ಹೋದ್ನಾ' ಎಂದವನಿಗೆ 'ಶ್!' ಎಂದು ಸಿಡುಕಿದ್ದು ನಾನೇ. ನಕ್ಕವರಲ್ಲಿ ನಾನಿರಲಿಲ್ಲ ಎಂದು ಹೇಳಬೇಕೆನಿಸಿತು. ಬಾಗಿಲು ತೆರೆಯಲು ಆಗಲಿಲ್ಲ. ನೀನು ತಟ್ಟುವುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದ್ದು. ಏನು ಮಾಡಬೇಕೆಂದೇ ತಿಳಿಯದೆ ಮಂಚದ ಮೇಲೆ ಕೂತಿದ್ದೆ.

ನೀನು ಮೊದಲೇ ಕೇಳಿದ್ದರೆ ಈ ಬಾಗಿಲು ಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕೇಳಬೇಕಿತ್ತು. ನಾನೂ ಹೇಳಬೇಕಿತ್ತು. ಸಿಟ್ಟು ಇನ್ನೂ ಇಳಿದಿಲ್ಲ, ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಆದರೆ ಉಳಿಯುವವನ ಮುಖ ನೋಡಿದೆ. ಒಳಗೆ ಅಗುಳಿ ಹಾಕಿಕೊಂಡು ಕೂತವನಿಗಿಂತ ಅವನಿಗೆ ಈ ಬಾಗಿಲು ಹೆಚ್ಚು ಬೇಕು.

ತೆಗೆದುಕೊಂಡು ಹೋಗು. ಬಡಗಿಗೆ ಹೇಳು, ಚೌಕಟ್ಟಿನ ಕೆಳಗಡೆ ಸಣ್ಣ ಬೆಣೆ ಕೊಡದಿದ್ದರೆ ಈ ಸದ್ದು ಬರುವುದಿಲ್ಲ, ಅಪ್ಪ ಕೊಟ್ಟಿದ್ದರು. ಆಟಗಳೆಲ್ಲ ಮುಗಿದ ಮೇಲೆ ವಾಪಸು ತಾ.

ಪೋಸ್ಟರ್ ನೋಡಿದೆ. 'ಕೋಣೆ'. ಬೀದಿಯ ಮೂಲೆಯಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಉಸಿರುಗಟ್ಟಿ ಸತ್ತಿರಲಿಲ್ಲ, ಗಟ್ಟಿಮುಟ್ಟಾಗಿಯೇ ಇತ್ತು. ರಾತ್ರಿ ಬಂದು, ಮೇಜಿನಿಂದ ಎತ್ತಿಕೊಂಡು ತಂದಿದ್ದ ಆ ಪದದ ವಿವರಣೆಯನ್ನು ಬರೆದು ಮುಗಿಸಿದೆ. ಯಾರೂ ಅಚ್ಚು ಹಾಕುವುದಿಲ್ಲ, ಆದರೂ ಮುಗಿಸಿದೆ.

ಆ ಪಟ್ಟೆ ಹೊದಿಕೆ ಇನ್ನೂ ಇದೆಯೇ? ಇದ್ದರೆ ಬಾಗಿಲಿನ ಜಾಗಕ್ಕೆ ಕಟ್ಟಿಸು. ಒಂದೇ ಷರತ್ತು: ತಟ್ಟದೆ ಒಳಗೆ ಬರಬೇಡ.

ತಮ್ಮ


ಮಾರ್ಚ್ ೨೯, ಸಂಜೆ, ಹೊರಗಿನಿಂದ

ತಮ್ಮಾ,

ಹೊದಿಕೆ ಇದೆ. ಅದನ್ನು ಮುದಿರಾಜನ ನಿಲುವಂಗಿಗೆ ಒಳಬಟ್ಟೆಯಾಗಿ ಹೊಲಿಸಿಬಿಟ್ಟಿದ್ದೆ. ದರ್ಜಿ ಈಗ ಬೈದುಕೊಳ್ಳುತ್ತ ಬಿಚ್ಚುತ್ತಿದ್ದಾನೆ. ಬಡಗಿ ಮೆಟ್ಟಿಲ ಮೇಲೆ ಉಳಿ ಹಿಡಿದು ನಿಂತು, "ಈ ಬಾಗಿಲಿಗೆ ಕಾಲು ಬಂದಿದೆ. ಇನ್ನೊಂದು ಸಲ ಅಂದ್ರೆ ಅದೇ ನಡ್ಕೊಂಡು ಹೋಗ್ಲಿ," ಎಂದು ಗೊಣಗುತ್ತಿದ್ದಾನೆ. ಬೆಣೆಯ ವಿಷಯ ಹೇಳಿದೆ. "ಇದನ್ನ ಮೊದ್ಲೇ ಹೇಳೋದಕ್ಕೆ ಏನಾಗಿತ್ತಂತೆ ಅವರಿಗೆ?" ಎಂದ. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ, ಅಪ್ಪಾ, ಎಂದೆ.

ಷರತ್ತು ಒಪ್ಪಿದೆ. ಆದರೆ ಚಿಕ್ಕವಳಿದ್ದಾಗಿನ ನನ್ನ ಸಂದೇಹ ಹಾಗೇ ಉಳಿದಿದೆ. ಪರದೆಯನ್ನು ತಟ್ಟುವುದು ಹೇಗೋ, ಪಂಡಿತ? ಒಂದು ಪದದಲ್ಲಿ ಹೇಳು. ಒಂದು! ಒಂದೇ!

ಅಕ್ಕ


ಮಾರ್ಚ್ ೨೯, ಅದೇ ಹಾಳೆಯ ಹಿಂಬದಿ

ಕೂಗು.